ಹಲಸಿನ ದಾನ, ರಾಗಿಯ ದಾನ

ತುಮಕೂರಿನ ಕಡೆ ರಾಗಿ ಹೊಲದ ಬದುವಿನಲ್ಲೇ ಹಲಸಿನ ಮರ ನಿಂತಿರುತ್ತದೆ. ರಾಗಿಗೆ ವರ್ಷವರ್ಷವೂ ಉಳುಮೆ, ಬಿತ್ತನೆ, ಕಳೆ. ಹಲಸು ಹಾಗಲ್ಲ, ಅಜ್ಜ ನೆಟ್ಟದ್ದು ಮೊಮ್ಮಗನಿಗೂ ಕೊಡುತ್ತದೆ. ಮರವೇ ಸಾಕಲ್ಲವೇ, ಧಾನ್ಯಕ್ಕಾಗಿ ಬೆನ್ನು ಬಗ್ಗಿಸುವುದೇಕೆ ಎಂದು ಕೇಳುವವರಿದ್ದಾರೆ.

ಆದರೆ ಹಲಸಿನ ತೊಳೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಬೇಸಿಗೆಯ ಕೊನೆಗೆ ಹಣ್ಣೆಲ್ಲ ಒಟ್ಟೊಟ್ಟಿಗೆ ಮಾಗಿ ನಾಲ್ಕೇ ದಿನದಲ್ಲಿ ಕೊಳೆಯುತ್ತದೆ. ರಾಗಿಯನ್ನು ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬರ ದಾಟಿಸಿದ್ದು ಅದೇ. ಬೆಲೆ ಏರಲಿ ಎಂದು ಕಾಯುವವನಿಗೆ ಒದಗಿದ್ದೂ ಅದೇ ಹಗೇವು.

ಹಲಸು ಕೊಯ್ದ ದಿನ ನಮ್ಮ ಅಮ್ಮಿ ಬೀದಿಯವರನ್ನೆಲ್ಲ ಕೂಗಿ ಕರೆಯುತ್ತಿದ್ದರು. ರಾಗಿ ಕೇಳಿ ಬಂದವರಿಗೆ ಮಾತ್ರ ಪಾವಿನಲ್ಲಿ ಅಳೆದು, ಮೇಲಿನದನ್ನು ಅಂಗೈಯಿಂದ ಸವರಿ ಕೊಡುತ್ತಿದ್ದರು. ಹಾಗಾದರೆ ಹಲಸು ಕೊಟ್ಟದ್ದು ಔದಾರ್ಯವೇ? ಇಟ್ಟರೆ ಕೊಳೆಯುವುದನ್ನು ಕೊಡಲು ಯಾರಿಗೆ ಕಷ್ಟ?

ನಮ್ಮ ಧರ್ಮಶಾಸ್ತ್ರಜ್ಞರೂ ಈ ಭೇದವನ್ನು ಕಂಡವರೇ. ಶಾಫಿಈ ಪಂಥದಲ್ಲಿ ಹಣ್ಣುಗಳ ಪೈಕಿ, ಒಣಗಿಸಿ ಇಡಬಹುದಾದ ಖರ್ಜೂರ ಮತ್ತು ದ್ರಾಕ್ಷಿಗೆ ಮಾತ್ರ ಝಕಾತ್. ಕೂಡಿಡುವ ಧಾನ್ಯಕ್ಕಂತೂ ಉಂಟು. ಮಳೆಯಿಂದ ಬೆಳೆದರೆ ಶೇ. 10, ನೀರೆತ್ತಿ ಬೆಳೆದರೆ ಶೇ. 5. ಇಮಾಮ್ ಅಬೂ ಹನೀಫಾ ಅವರಾದರೋ ಕೊಳೆಯುವ ಹಣ್ಣಿಗೂ ಉಶ್ರ್ ಕೊಡಬೇಕೆಂದರು. ನಾನು ಹನಫಿ. ಆದರೂ ಇಲ್ಲಿ ಮನಸ್ಸು ಶಾಫಿಈಗಳ ಕಡೆ ವಾಲುತ್ತದೆ. ಬಚ್ಚಿಡಬಹುದಾದದ್ದಕ್ಕಲ್ಲವೇ ಲೆಕ್ಕ ಕೇಳಬೇಕಾದದ್ದು?

ಅಮ್ಮಿಯನ್ನು ದೂರುತ್ತಿಲ್ಲ. ಆ ಪಾವು ರಾಗಿ ಮುಂದಿನ ಸುಗ್ಗಿಯವರೆಗೆ ನಾವು ಉಣ್ಣಬೇಕಾದದ್ದರಿಂದ ಬಂದದ್ದು. ಸವರಿಯೇ ಕೊಟ್ಟರು ನಿಜ, ಇಲ್ಲವೆಂದು ಯಾರನ್ನೂ ಕಳಿಸಿದ್ದನ್ನು ನಾನು ಕಂಡಿಲ್ಲ.