ಹದಿನೈದನೆಯ ಮಾತು

ಒಂದು ಸಭೆ ಎರಡಾದಾಗ ಒಡೆದದ್ದು ನಂಬಿಕೆಯೋ, ನಂಬಿದವರ ಮನಸ್ಸೋ? ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. ಮಠಗಳಿಗೂ ದೇವಸ್ಥಾನಗಳಿಗೂ ಇದು ಹೊಸದಲ್ಲ; ನಮ್ಮಂತಹ ಸಂಘಗಳ ಮಾತನ್ನು ಇಲ್ಲಿ ಎತ್ತದಿರುವುದೇ ಲೇಸು. ಆದರೂ ಲೂಥರನ್ ಸಭೆಯ ಚರಿತ್ರೆಯನ್ನೇ ನಾವು ಆರಿಸಿಕೊಂಡಿದ್ದೇವೆ. ಅಲ್ಲಿ ಒಡಕಿನ ಕಾರಣ ಬರಹದಲ್ಲಿ ಉಳಿದಿದೆ. ಆ ಚರಿತ್ರೆಯ ಒಂದು ಪುಟ ಕನ್ನಡ ನಾಡಿನದೂ ಹೌದು.

1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಮಾರ್ಟಿನ್ ಲೂಥರರೂ ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯವರೂ ಮುಖಾಮುಖಿಯಾದರು. ಬರೆದುಕೊಂಡ 15 ವಿಷಯಗಳಲ್ಲಿ 14ಕ್ಕೆ ಇಬ್ಬರದೂ ಒಂದೇ ಮಾತು. ಹದಿನೈದನೆಯದರಲ್ಲಿ ಸಿಕ್ಕು ಬಿತ್ತು. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿಯೂ ಇದೆಯೋ, ಅದು ಸ್ಮರಣೆಯ ಗುರುತು ಮಾತ್ರವೋ? ಲೂಥರರು ಕದಲಲಿಲ್ಲ, ಎದುರಿನವರನ್ನು ಸಹೋದರರೆಂದು ಒಪ್ಪಲೂ ಇಲ್ಲ. 15 ಪ್ರಶ್ನೆಗಳಲ್ಲಿ 14ಕ್ಕೆ ಸರಿಯುತ್ತರ ಬರೆದ ಹುಡುಗನನ್ನು ಯಾವ ಮೇಷ್ಟರು ತಾನೇ ಅನುತ್ತೀರ್ಣಗೊಳಿಸಿಯಾರು? ಆದರೆ ನಂಬಿಕೆ ಅಂಕಗಣಿತವಲ್ಲ. ಅಂತಃಸಾಕ್ಷಿಗೆ ಸುಳ್ಳೆಂದು ಕಂಡದ್ದಕ್ಕೆ ಬರಿಯ ದಾಕ್ಷಿಣ್ಯದಿಂದ ತಲೆದೂಗುವವನನ್ನು ನಾವು ಗೌರವಿಸಲಾರೆವು. ಲೂಥರರ ಹಟದಲ್ಲಿ ಕಾಠಿಣ್ಯವಿತ್ತು, ಕಪಟವಿರಲಿಲ್ಲ.

ಹಾಗಾದರೆ ಬೇಲಿ ಶಾಶ್ವತವೇ? 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನಲ್ಲಿ ಲೂಥರ್ ಸಂಪ್ರದಾಯದ ಜರ್ಮನರೂ ಜ್ವಿಂಗ್ಲಿಯವರ ಕಡೆಯ ಸ್ವಿಸ್ಸರೂ ಒಂದೇ ಸೂರಿನಡಿ ಕಲಿತರು. 1834ರಲ್ಲಿ ಅವರ ಮೊದಲ ತಂಡ ಮಂಗಳೂರಿಗೆ ಬಂದಿತು. ಕಿಟೆಲ್ಲರ 1894ರ ನಿಘಂಟು ಆ ಮನೆತನದ ಕೊಡುಗೆ. ಅದನ್ನು ತೆರೆಯುವ ಯಾವ ಕನ್ನಡಿಗನೂ ರೊಟ್ಟಿಯ ವಿಷಯದಲ್ಲಿ ಕಿಟೆಲ್ಲರ ನಿಲುವೇನೆಂದು ಕೇಳುವುದಿಲ್ಲ. ಇತ್ತ ಯೂರೋಪಿನಲ್ಲಿ ಎರಡು ಕಡೆಯ ಸಭೆಗಳು ಪರಸ್ಪರರ ಪಂಕ್ತಿಯನ್ನು ವಿಧಿವತ್ತಾಗಿ ಒಪ್ಪಿದ್ದು 1973ರ ಲಾಯನ್‌ಬರ್ಗ್ ಒಪ್ಪಂದದಲ್ಲಿ. ಒಂದು ಮಾತು ಇತ್ಯರ್ಥವಾಗಲು 444 ವರ್ಷ!

ನಮ್ಮ ಸೀಮೆಗೆ ಬರೋಣ. ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿಯೇ, 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತ ಐಕ್ಯ ಸಭೆ, ಎಂದರೆ ಸಿ.ಎಸ್.ಐ., ಮದರಾಸಿನಲ್ಲಿ ಸ್ಥಾಪನೆಯಾಯಿತು. ಗುಂಟೂರು ಕೇಂದ್ರವಾಗಿರುವ ಆಂಧ್ರ ಲೂಥರನ್ ಸಭೆ ಅದರೊಳಗೆ ಬರಲಿಲ್ಲ. ನಂದ್ಯಾಲದ ಆಂಗ್ಲಿಕನ್ನರು 1975ರವರೆಗೆ ಹೊಸ್ತಿಲಾಚೆಯೇ ಉಳಿದರು. ಹೊರಗುಳಿದವರನ್ನು ಭೇದಬುದ್ಧಿಯವರೆಂದು ಜರೆಯುವುದು ಸುಲಭ. ನಾವು ಜರೆಯೆವು. ತಮ್ಮದೆಂದು ನಂಬಿದ್ದನ್ನು ಕಾಯುವುದಕ್ಕಾಗಿ ಹೊರಗೆ ನಿಂತವನಿಗೂ ಒಂದು ಭಕ್ತಿಯಿದೆ.

ನಮ್ಮನ್ನು ಕಲಕುವುದು ಬೇರೊಂದು ಬಗೆಯ ಒಡಕು. ಮಡಕಶಿರಕ್ಕೂ ರಾಯದುರ್ಗಕ್ಕೂ ನಡುವಣ ಈ ಗಡಿಸೀಮೆಯಲ್ಲಿ ಒಂದೂರಿದೆ, ಹೆಸರು ಬೇಡ. ಅಲ್ಲಿಯ ಪುಟ್ಟ ಪ್ರಾರ್ಥನಾಮಂದಿರದ ಬಾಗಿಲಿಗೆ ಎರಡು ಬೀಗಗಳು, ಎರಡು ಪಂಗಡಗಳವು. ರೊಟ್ಟಿಯ ಬಗ್ಗೆ ಅವರಲ್ಲಿ ಭಿನ್ನಮತವಿಲ್ಲ. ಹದಿನೈದಕ್ಕೆ ಹದಿನೈದೂ ಒಂದೇ ಉತ್ತರ. ಬ್ಯಾಂಕಿನ ಖಾತೆಗೆ ರುಜು ಯಾರದು, ಮಂದಿರದ ಮುಂದಿನ ನಿವೇಶನ ಯಾರದು ಎಂಬಷ್ಟರಲ್ಲಿ ವ್ಯಾಜ್ಯ. ಆದರೆ ನ್ಯಾಯಾಲಯದ ಕಾಗದಗಳಲ್ಲಿ ಎರಡೂ ಕಡೆಯವರು ‘ನಂಬಿಕೆಯ ರಕ್ಷಣೆಗಾಗಿ’ ಎಂದೇ ಬರೆಸಿದ್ದಾರೆ. ಲೂಥರರು ಒಂದು ಸ್ನೇಹವನ್ನು ಕಳೆದುಕೊಂಡು ಒಂದು ಮಾತನ್ನು ಉಳಿಸಿಕೊಂಡರು. ಇವರು ಆ ಮಾತನ್ನೇ ಮುಂದಿಟ್ಟುಕೊಂಡು ಬೀಗದ ಕೈ ಉಳಿಸಿಕೊಳ್ಳುತ್ತಿದ್ದಾರೆ. ಅಣ್ಣತಮ್ಮಂದಿರ ಮಕ್ಕಳು ಒಬ್ಬರ ಮದುವೆಗೆ ಒಬ್ಬರು ಹೋಗುವುದು ನಿಂತಿದೆ. ಆ ಮಕ್ಕಳಿಗೆ ಜಗಳದ ಮೂಲವೇ ತಿಳಿಯದು.

ಊರಿನ ಸಮಾಧಿಭೂಮಿ ಮಾತ್ರ ಇನ್ನೂ ಒಂದೇ ಇದೆ. ಅದನ್ನೂ ಅಳೆಯಿಸಲು ಸರ್ವೇಯರನಿಗೆ ಅರ್ಜಿ ಹೋಗಿದೆಯೆಂದು ಈಚೆಗೆ ಕೇಳಿದೆವು.