ಕೊಟ್ಟವರ ಹಕ್ಕು: ಡೆಬಿಯನ್ ಯೋಜನೆಯ ಹಣ ಮತ್ತು ಆಡಳಿತ

ಡೆಬಿಯನ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಅಂದಿನಿಂದ ಅದನ್ನು ಕಟ್ಟುತ್ತ ಬಂದವರು ಹಲವು ದೇಶಗಳ ಸ್ವಯಂಸೇವಕರು. ಇವರಿಗೆ ಯೋಜನೆಯಿಂದ ಸಂಬಳವಿಲ್ಲ. ತಂತ್ರಾಂಶ ಬಳಸುವವರು ಬೆಲೆ ತೆರಬೇಕಾಗಿಲ್ಲ. ಸರ್ವರ್, ಸಮ್ಮೇಳನ, ಪ್ರಯಾಣಗಳಿಗೆ ಬೇಕಾದ ಹಣ ದೇಣಿಗೆಯಾಗಿ ಬರುತ್ತದೆ. ದುಡಿಮೆಯೂ ಹಣವೂ ಹೀಗೆ ಕೊಡುಗೆಯೇ ಆಗಿರುವ ಕಡೆ ಅಧಿಕಾರ ಯಾರದು, ಕೊಟ್ಟವರಿಗೆ ಕೊಟ್ಟದ್ದರ ಮೇಲೆ ಹಕ್ಕು ಉಳಿಯುತ್ತದೆಯೇ ಎಂಬ ಪ್ರಶ್ನೆ ದಾನದ ತತ್ತ್ವವನ್ನೇ ಮುಟ್ಟುತ್ತದೆ.

ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ತನ್ನ ಒಡೆತನವನ್ನು ಕಳಚಿ ಇನ್ನೊಬ್ಬರ ಒಡೆತನವನ್ನು ಉಂಟುಮಾಡುವುದು ದಾನ. ಕೆರೆ, ಬಾವಿ, ತೋಪುಗಳಲ್ಲಿ ಪಡೆಯುವವರು ಇಂಥವರೇ ಎಂದಿಲ್ಲದ ಕಾರಣ ಅಂಥ ಕೊಡುಗೆಗೆ ಉತ್ಸರ್ಗ ಎಂಬ ಬೇರೆ ಬಗೆಯನ್ನು ಹೇಳಿದರು. ಕೆರೆ ಕಟ್ಟಿಸಿದವನು ಅದನ್ನು ಎಲ್ಲರಿಗೂ ಬಿಟ್ಟುಕೊಡುತ್ತಾನೆ. ಆಮೇಲೆ ಅವನೂ ಆ ನೀರನ್ನು ಬಳಸಬಹುದು, ಆದರೆ ಎಲ್ಲರಲ್ಲೊಬ್ಬನಾಗಿ. ಮುಕ್ತ ತಂತ್ರಾಂಶದ ಪರವಾನಗಿ ಇದಕ್ಕೆ ಬಹಳ ಹತ್ತಿರದ್ದು. ಕೃತಿಸ್ವಾಮ್ಯ ಬರೆದವರಲ್ಲೇ ಉಳಿದರೂ ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಸಮನಾಗಿ ಸಲ್ಲುತ್ತದೆ.

ಡೆಬಿಯನ್‌ನ ಆಡಳಿತವೂ ಇದೇ ಜಾಡಿನಲ್ಲಿ ಬೆಳೆಯಿತು. 1998ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಅದರ ಸಂವಿಧಾನದ ಪ್ರಕಾರ ಯೋಜನೆ ತನ್ನ ಹೆಸರಿನಲ್ಲಿ ಹಣವನ್ನಾಗಲಿ ಆಸ್ತಿಯನ್ನಾಗಲಿ ಇಟ್ಟುಕೊಳ್ಳುವುದಿಲ್ಲ. ಅದರ ಪರವಾಗಿ ಇವನ್ನು ಕಾಯುವುದು 1997ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ ಎಂಬ ಲಾಭರಹಿತ ಸಂಸ್ಥೆ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲೂ ಇಂಥ ಸಂಘಗಳಿವೆ. ಖಜಾನೆ ಇವುಗಳ ಬಳಿ ಇದ್ದರೂ ಡೆಬಿಯನ್‌ನ ತೀರ್ಮಾನಗಳಲ್ಲಿ ಇವಕ್ಕೆ ಅಧಿಕಾರವಿಲ್ಲ. ಖರ್ಚಿಗೆ ಒಪ್ಪಿಗೆ ಕೊಡುವವರು ವರ್ಷಕ್ಕೊಮ್ಮೆ ಚುನಾಯಿತರಾಗುವ ನಾಯಕರು. ಅವರ ನಿರ್ಧಾರವನ್ನು, ಬೇಕಾದರೆ ಅವರನ್ನೇ, ಡೆವಲಪರ್‌ಗಳು ಮತ ಹಾಕಿ ತಳ್ಳಿಹಾಕಬಹುದು. ದೇಣಿಗೆ ಎಷ್ಟೇ ದೊಡ್ಡದಿರಲಿ, ಅದಕ್ಕೆ ಪ್ರತಿಯಾಗಿ ಮತ ಸಿಗುವುದಿಲ್ಲ. ಎಲ್ಲ ಕಡೆಯೂ ಹೀಗಿಲ್ಲ. ಲಿನಕ್ಸ್ ಫೌಂಡೇಶನ್‌ನಲ್ಲಿ ಅತಿ ಹೆಚ್ಚಿನ ಶುಲ್ಕ ತೆರುವ ಕಂಪನಿಗಳಿಗೆ ಆಡಳಿತ ಮಂಡಳಿಯಲ್ಲಿ ಜಾಗವಿದೆ. ಉದ್ಯಮಗಳ ಒಕ್ಕೂಟಕ್ಕೆ ಆ ಏರ್ಪಾಟು ಹೊಂದಬಹುದು. ಅಲ್ಲಿ ಸಲ್ಲುವ ಹಣವನ್ನು ದಾನವೆನ್ನಲಾಗದು.

ಡೆಬಿಯನ್ ಸಂವಿಧಾನದ ಇನ್ನೊಂದು ನಿಯಮ ಇದಕ್ಕಿಂತ ಆಳವಾದದ್ದು. ಕೆಲಸ ಮಾಡಲೇಬೇಕೆಂಬ ಹೊಣೆಯನ್ನು ಅದು ಯಾರ ಮೇಲೂ ಹೊರಿಸುವುದಿಲ್ಲ. ಮನಸ್ಸಿಲ್ಲದ ಕೆಲಸವನ್ನು ಯಾರು ಬೇಕಾದರೂ ಕೈಬಿಡಬಹುದು. ನಿಯಮದಂತೆ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕುವಂತಿಲ್ಲ, ಅಷ್ಟೆ. ಹಣ ಕೊಟ್ಟವರಿಗೆ ಆಳುವ ಹಕ್ಕಿಲ್ಲದಂತೆ, ದುಡಿಮೆ ಕೊಡುವವರನ್ನು ಆಳುವ ಹಕ್ಕೂ ಯಾರಿಗೂ ಇಲ್ಲ. ಬಲವಂತದಿಂದ ಪಡೆದದ್ದು ದಾನವಲ್ಲ ಎಂಬ ಹಳೆಯ ತಿಳಿವಳಿಕೆಯನ್ನು ಆಡಳಿತದ ನಿಯಮವಾಗಿ ಬರೆದಿಟ್ಟ ಸಂಸ್ಥೆಗಳು ವಿರಳ.

ಈ ಸಮತೋಲ ಅಲುಗಾಡಿದ್ದು 2006ರಲ್ಲಿ. ಆಗಿನ ನಾಯಕರೂ ಇನ್ನು ಕೆಲವರೂ ಸೇರಿ ಡಂಕ್-ಟ್ಯಾಂಕ್ ಎಂಬ ಪ್ರಯೋಗವನ್ನು ಯೋಜನೆಯ ಹೊರಗೆ ಆರಂಭಿಸಿದರು. ‘ಎಚ್’ ಎಂಬ ಆವೃತ್ತಿ ಡಿಸೆಂಬರ್‌ನಲ್ಲಿ ಹೊರಬರಲೆಂದು, ಬಿಡುಗಡೆಯ ಹೊಣೆ ಹೊತ್ತಿದ್ದ ಇಬ್ಬರಿಗೆ ಪೂರ್ಣಾವಧಿ ದುಡಿಯಲು ಹಣ ಒದಗಿಸುವುದು ಅದರ ಉದ್ದೇಶ. ಒಳಗೆ ಅಸಮಾಧಾನ ಎದ್ದಿತು. ಕೆಲವು ಡೆವಲಪರ್‌ಗಳು ತಮ್ಮ ಪಾಲಿನ ಕೆಲಸವನ್ನು ಕಡಿಮೆ ಮಾಡಿದರು. ನಾಯಕರನ್ನು ಇಳಿಸುವ ನಿರ್ಣಯ ಮತಕ್ಕೆ ಬಂದು ಬಿದ್ದುಹೋಯಿತು. ಎಚ್ ಕೊನೆಗೆ ಹೊರಬಂದದ್ದು 2007ರ ಏಪ್ರಿಲ್ 8ರಂದು. ತಡವಾದದ್ದಕ್ಕೆ ಈ ಜಗಳವೊಂದೇ ಕಾರಣವೆನ್ನುವಂತಿಲ್ಲ. ದಾನವಾಗಿ ಬರುವ ರಕ್ತಕ್ಕೆ ಹಣ ಕೊಡತೊಡಗಿದರೆ ಕೊಡುವ ಭಾವವೇ ಸವೆಯುತ್ತದೆ ಎಂದು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದ್ದರು. ಡೆಬಿಯನ್‌ಗೆ ಆ ವಾದ ಪೂರ್ತಿ ಹೊಂದುವುದಿಲ್ಲ. ತಮ್ಮ ತಮ್ಮ ಕಂಪನಿಗಳಿಂದ ಸಂಬಳ ಪಡೆಯುತ್ತಲೇ ಡೆಬಿಯನ್ ಕೆಲಸ ಮಾಡುತ್ತಿದ್ದವರು ಮೊದಲೇ ಇದ್ದರು, ಅದು ಯಾರನ್ನೂ ಇಷ್ಟು ಕೆರಳಿಸಿರಲಿಲ್ಲ. ಈ ಬಾರಿ ಹಣ ಪಡೆಯುವವರ ಆಯ್ಕೆ ನಡೆದದ್ದು ನಾಯಕರ ಬೆಂಬಲದಿಂದ. ಇಬ್ಬರ ಶ್ರಮಕ್ಕೆ ಬೆಲೆ ಕಟ್ಟಿದಾಗ ಉಳಿದವರ ಶ್ರಮವನ್ನೂ ಯಾರೋ ತೂಗಿದಂತಾಯಿತು. ಸಮಾನರಾಗಿ ಕೊಡುತ್ತಿದ್ದವರ ನಡುವೆ ಮೇಲುಕೀಳು ಬಂದದ್ದು ಹಣಕ್ಕಿಂತ ಹೆಚ್ಚು ನೋಯಿಸಿತು.

ಹಾಗೆಂದು ಬರಿಯ ಸ್ವಇಚ್ಛೆಯನ್ನು ನಂಬಿ ಕೂರುವುದೂ ಸಾಧ್ಯವಿಲ್ಲ. ಹೊಸದನ್ನು ಬರೆಯಲು ಉತ್ಸಾಹವಿರುತ್ತದೆ. ಹಳೆಯದರ ದೋಷ ತಿದ್ದುವ ಕೆಲಸ ಬೇಸರದ್ದು. ಅಂತರಜಾಲದ ಬಹುಪಾಲು ಭದ್ರತೆ ಆತುಕೊಂಡಿದ್ದ ಓಪನ್ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ ಎಂಬುದೂ ಬೆಳಕಿಗೆ ಬಂತು. ಉತ್ಸರ್ಗ ಮಾಡಿದ ಕೆರೆಯೂ ಹೂಳೆತ್ತದಿದ್ದರೆ ತುಂಬಿಹೋಗುತ್ತದೆ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಕಟ್ಟುಕೊಡಗೆಯೆಂದು ಜಮೀನು ಬಿಟ್ಟದ್ದು ಈ ಕಾರಣಕ್ಕೇ. ಪುಣ್ಯದ ಕೆಲಸಕ್ಕೆ ಉಂಬಳಿ ಬಿಡುವುದರಲ್ಲಿ ಆ ಕಾಲದವರಿಗೆ ವಿರೋಧ ಕಾಣಲಿಲ್ಲ.

ಡೆಬಿಯನ್ ಕಂಡುಕೊಂಡ ದಾರಿಯೂ ಇದಕ್ಕೆ ಹತ್ತಿರದ್ದು. ಹಳೆಯ ಆವೃತ್ತಿಗಳ ಭದ್ರತಾ ದುರಸ್ತಿಗೆ 2014ರಿಂದ ಕಂಪನಿಗಳು ಫ್ರೆಕ್ಸಿಯನ್ ಎಂಬ ಹೊರಗಿನ ಸಂಸ್ಥೆಗೆ ಹಣ ಕೊಡುತ್ತವೆ, ಅದು ಡೆವಲಪರ್‌ಗಳಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡುತ್ತದೆ. ಆ ಹಣ ಯೋಜನೆಯ ಖಜಾನೆಗೆ ಬರುವುದಿಲ್ಲ, ಮತದಾನದ ಹಕ್ಕನ್ನೂ ತರುವುದಿಲ್ಲ. ಆದರೆ ಯಾವುದಕ್ಕೆ ಮೊದಲು ದುರಸ್ತಿ ಎಂಬುದರಲ್ಲಿ ಹಣ ತೆತ್ತವರ ಅಗತ್ಯಕ್ಕೆ ತೂಕ ಬಂದೇ ಬರುತ್ತದೆ. ಯಾವ ಕಂಪನಿಗೂ ಬೇಡವಾದ, ಒಬ್ಬಿಬ್ಬರೋ ಒಂದು ಸಣ್ಣ ಶಾಲೆಯೋ ಬಳಸುವ ಭಾಗಗಳನ್ನು ನೋಡಿಕೊಳ್ಳುವ ಕೆಲಸ ಈಗಲೂ ಸಂಬಳವಿಲ್ಲದವರ ಪಾಲಿಗೇ ಉಳಿದಿದೆ.