ರ‍್ಯಾಂಕಿಗೊಂದು ಹರಕೆ

ಸೆಕೆಂಡ್ ಪಿಯು ಮಕ್ಕಳ ಓದು ಬಿಗಿಯಾಗುವ ಹೊತ್ತಿಗೇ ಚಿತ್ರದುರ್ಗ ಸೀಮೆಯಲ್ಲಿ ಜಾತ್ರೆಗಳು ಶುರುವಾಗುತ್ತವೆ. ಹಿರಿಯೂರಿನ ತೇರುಮಲ್ಲೇಶ್ವರ, ಅದಾದ ಮೇಲೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಬಿಸಿಲು ಏರಿದಂತೆ ಸಿಇಟಿ, ನೀಟ್. ಹೊಳಲ್ಕೆರೆಯಲ್ಲಿ ಸೂರಿಲ್ಲದೆ ಕುಳಿತ ಬಯಲು ಗಣಪತಿಗೆ ಪರೀಕ್ಷೆಯ ಕೋರಿಕೆ ಹೊಸತೇನಲ್ಲ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ರೂಢಿಯಂತೂ ಇನ್ನೂ ನೇರ: ಮನಸ್ಸಿನಲ್ಲಿದ್ದದ್ದನ್ನು ಗಂಗಮ್ಮನ ಕೊಳದ ಮುಂದೆ ಹೇಳಿಕೊಂಡರೆ ನೀರಿನಿಂದ ತೇಲಿ ಬರುವ ವಸ್ತುವೇ ಉತ್ತರ ಎಂದು ನಂಬಿಕೆ. ಇದನ್ನು ಹಂಗಿಸುವುದು ಸುಲಭ, ಅದು ನನ್ನ ಉದ್ದೇಶವಲ್ಲ. ನನ್ನ ತಕರಾರು ಕೇಳುವುದರ ಬಗ್ಗೆ ಅಲ್ಲ, ಏನನ್ನು ಕೇಳುತ್ತೇವೆ ಎಂಬುದರ ಬಗ್ಗೆ. ಎಸ್ಸೆಸ್ಸೆಲ್ಸಿ ಓದುವ ಮಗಳು ಪಾಸಾಗಲಿ ಎಂದು ತಾಯಿ ತುಪ್ಪದ ದೀಪ ಹಚ್ಚಿದರೆ ಯಾರ ಮನೆಯ ದೀಪವೂ ಆರುವುದಿಲ್ಲ. ಪಾಸಾಗುವವರಿಗೆ ಇಂತಿಷ್ಟೇ ಮಂದಿ ಎಂಬ ಮಿತಿಯಿಲ್ಲ. ಎರಡು ವರ್ಷ ಕಳೆದು ಅದೇ ತಾಯಿ ಅದೇ ದೀಪ ಹಚ್ಚಿ, ಸರ್ಕಾರಿ ಮೆಡಿಕಲ್ ಸೀಟು ಸಿಗಲಿ ಎನ್ನುತ್ತಾಳೆ. ಮಾತು ಹೆಚ್ಚು ಬದಲಾಗಿಲ್ಲ, ಅರ್ಥ ಪೂರ್ತಿ ಬದಲಾಗಿದೆ. ಸೀಟುಗಳು ಎಣಿಸಿಟ್ಟವು. ರ‍್ಯಾಂಕ್ ಎಂಬುದು ಇನ್ನೊಬ್ಬರ ಮುಂದೆ ನಿಲ್ಲುವುದರ ಹೆಸರು. ಹಾಗಾದರೆ ಈ ಎರಡನೇ ಪ್ರಾರ್ಥನೆಯೊಳಗೆ, ಹೇಳದೆ ಉಳಿದ ಇನ್ನೊಂದು ಸಾಲು ಇಲ್ಲವೇ?

ಇದೇ ಕೋರಿಕೆಯನ್ನು ದೇವರ ಬದಲು ಪರೀಕ್ಷಾ ಪ್ರಾಧಿಕಾರದ ಯಾರೋ ಒಬ್ಬರ ಮುಂದೆ ಇಟ್ಟು ನೋಡಿ. ನಮ್ಮ ಹುಡುಗನನ್ನು ಸ್ವಲ್ಪ ಮೇಲಕ್ಕೆ ಸರಿಸಿ ಎಂದರೆ ಅದಕ್ಕೆ ವಶೀಲಿ ಎನ್ನುತ್ತೇವೆ; ಆದ ಮೇಲೆ ಇಂತಿಷ್ಟು ಕೊಡುತ್ತೇವೆ ಎಂದರೆ ಲಂಚ ಎನ್ನುತ್ತೇವೆ. ಕಚೇರಿಯಲ್ಲಿ ಅಪರಾಧವಾದದ್ದು ಗರ್ಭಗುಡಿಯ ಮುಂದೆ ಭಕ್ತಿ ಆಗುವುದು ಹೇಗೆ? ಸಿಗುವ ಮೊದಲ ಉತ್ತರ: ದೇವರು ಅನ್ಯಾಯ ಮಾಡುವುದಿಲ್ಲ, ಯೋಗ್ಯರಿಗಷ್ಟೇ ಕೊಡುತ್ತಾನೆ. ಸರಿ, ಆದರೆ ಯೋಗ್ಯರಿಗೆ ಕೇಳದೆಯೂ ಕೊಡುವವನ ಬಳಿ ರ‍್ಯಾಂಕಿನ ಹರಕೆಗೆ ಕೆಲಸವೇ ಇಲ್ಲ. ಎರಡನೆಯದು ನಾಸ್ತಿಕರ ಉತ್ತರ: ಪ್ರಾರ್ಥನೆಯಿಂದ ಏನೂ ಆಗುವುದಿಲ್ಲ, ಆಗದ್ದರಿಂದ ಯಾರಿಗೂ ನಷ್ಟವಿಲ್ಲ. ಇದು ಮೊದಲಿನದಕ್ಕಿಂತ ಗಟ್ಟಿ, ಆದರೂ ಅರ್ಧ ಮಾತ್ರ. ಪ್ರಾರ್ಥನೆ ಲೋಕವನ್ನು ಬದಲಿಸದಿದ್ದರೂ ಪ್ರಾರ್ಥಿಸುವವರ ಮನಸ್ಸನ್ನು ತಿದ್ದುತ್ತದೆ. ಹದಿನೇಳರ ಹುಡುಗ ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ಏನನ್ನು ಬಯಸುತ್ತಾನೋ ಅದನ್ನು ಬಯಸುವುದೇ ಸರಿ ಎಂದು ಕಲಿಯುತ್ತಾನೆ. ಹಾಸ್ಟೆಲಿನ ಪಕ್ಕದ ಮಂಚದಲ್ಲಿ ಜ್ವರ ಬಂದು ಮಲಗಿದ ಗೆಳೆಯ ಅವನಿಗೆ ಆಗ ಗೆಳೆಯನೋ, ಒಂದು ರ‍್ಯಾಂಕೋ?

ಮೂರನೇ ಉತ್ತರ ಕರ್ಮದ್ದು, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. ಅವರವರ ರ‍್ಯಾಂಕ್ ಅವರವರು ಪಡೆದು ಬಂದದ್ದು, ಅದರಲ್ಲಿ ಕಸಿದುಕೊಳ್ಳುವ ಮಾತೆಲ್ಲಿ ಎನ್ನುತ್ತಾರೆ. ಇದನ್ನು ಒಪ್ಪಬೇಕಾದರೆ ರ‍್ಯಾಂಕ್ ಪಟ್ಟಿ ನಿಜಕ್ಕೂ ಮನುಷ್ಯರ ಪುಣ್ಯವನ್ನು ತೂಗುವ ತಕ್ಕಡಿ ಎಂದು ಒಪ್ಪಬೇಕು. 2024ರ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂದಿತ್ತು. ಕೃಪಾಂಕ ತೆಗೆದು, ಭೌತಶಾಸ್ತ್ರದ ಒಂದು ಪ್ರಶ್ನೆಯ ಸರಿಯುತ್ತರವನ್ನು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನಿಸಿದ ಮೇಲೆ ಆ ಸಂಖ್ಯೆ 17ಕ್ಕೆ ಇಳಿಯಿತು. ನಡುವಿನ ವಾರಗಳಲ್ಲಿ ಉಳಿದ ಐವತ್ತು ಮಕ್ಕಳ ಪೂರ್ವಜನ್ಮವೇನೂ ಬದಲಾಗಿರಲಿಲ್ಲ. ಮೊಳಕಾಲ್ಮೂರಿನ ಗಡಿಯನ್ನೇ ನೋಡಿ: ಬಳ್ಳಾರಿ ಕಡೆಯ ಹಳ್ಳಿಯ ಮಗುವಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯುಂಟು, ಈಚೆಯ ಹಳ್ಳಿಯದಕ್ಕೆ ಇಲ್ಲ. ಬಿಸಿಲು, ಬರ, ಬಸ್ಸು ಎಲ್ಲ ಒಂದೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದವರಿಗೆ ಇನ್ನೊಂದು ಕೋಟಾ ಇಟ್ಟಿರುವುದೇ ಅಂಕಗಳು ಪೂರ್ತಿ ಸತ್ಯ ಹೇಳುವುದಿಲ್ಲ ಎಂದು ಸರ್ಕಾರವೂ ಒಪ್ಪಿರುವುದರಿಂದ. ಮನುಷ್ಯರು ಮಾಡಿದ, ಮನುಷ್ಯರೇ ತಿದ್ದುವ ಪಟ್ಟಿಗೆ ಕರ್ಮದ ಮೊಹರು ಒತ್ತಿದರೆ ಗೆದ್ದವರಿಗೆ ಸೊಕ್ಕು, ಸೋತವರಿಗೆ ತಾವು ಹುಟ್ಟಿನಿಂದಲೇ ಕಡಿಮೆ ಎಂಬ ಕೊರಗು. ಕರ್ಮ ಸಿದ್ಧಾಂತಕ್ಕೂ ಇದು ಗೌರವವಲ್ಲ.

ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ ಇದೆ. ಅಲ್ಲಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಅದರ ತಾತ್ಪರ್ಯ ಸರಳ: ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ. ಕೋಚಿಂಗ್ ಸೆಂಟರಿನ ಗೋಡೆಗೆ ಒಪ್ಪುವ ಮಾತು ಎನಿಸುತ್ತದೆ, ಅಲ್ಲವೇ? ಆದರೆ ಶಾಸನ ಮಾತು ಕೊಟ್ಟದ್ದು ಸ್ವರ್ಗಕ್ಕೆ. ಸ್ವರ್ಗದಲ್ಲಿ ಕಟ್-ಆಫ್ ಇಲ್ಲ. ಒಬ್ಬ ಒಳಗೆ ಹೋದದ್ದರಿಂದ ಇನ್ನೊಬ್ಬ ಸೀಟು ಹಂಚಿಕೆಯ ಮುಂದಿನ ಸುತ್ತಿಗೆ ಕಾಯಬೇಕಾಗಿಲ್ಲ. ಶ್ರಮಪಟ್ಟ ಎಲ್ಲರಿಗೂ ಫಲ ಎಂಬ ಭರವಸೆ ಅಂಥ ಕಡೆ ಮಾತ್ರ ನಿಜವಾಗಬಲ್ಲದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಉಳಿದ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತಿಗೂ ಇದೇ ಹದ: ನಾನು ದುಡಿದಷ್ಟು ನನಗೆ, ಪಕ್ಕದವನಿಗಿಂತ ಮುಂದೆ ಎಂಬ ಸೊಲ್ಲು ಅದರಲ್ಲಿಲ್ಲ. ಧರ್ಮಗಳು ಹಂಚಿದರೂ ಕರಗದ ವಸ್ತುಗಳಿಗಾಗಿ ಕಟ್ಟಿದ ಭಾಷೆಯನ್ನು ನಾವು ಎಣಿಸಿಟ್ಟ ಸೀಟುಗಳಿಗೆ ಬಳಸುತ್ತಿದ್ದೇವೆ, ತೊಡಕು ಇರುವುದು ಅಲ್ಲಿ. (ನಾಯಕನಹಟ್ಟಿಯಲ್ಲೂ ಹಿರಿಯೂರಿನಲ್ಲೂ ತೇರಿನ ದಿನ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ, ಲಕ್ಷಗಳಲ್ಲಿ ಕೂಗು ನಡೆಯುತ್ತದೆ. ಮುಕ್ತಿ ಎಲ್ಲರದ್ದು, ಬಾವುಟ ಒಬ್ಬರದ್ದು. ಈ ಬೆರಕೆ ನಮಗೆ ಹಳೆಯದೇ.)

ಇಲ್ಲೊಂದು ಕಷ್ಟದ ಆಕ್ಷೇಪವಿದೆ, ಅದನ್ನು ಜಾರಿಕೊಳ್ಳಲು ಮನಸ್ಸಿಲ್ಲ. ಹೀಗೆ ನೋಡಿದರೆ ಯಾವ ಬೇಡಿಕೆ ತಾನೇ ನಿರ್ದೋಷಿ? ಮಳೆಗಾಗಿ ಬೇಡುವುದು ಎಲ್ಲಕ್ಕಿಂತ ಮುಗ್ಧ ಪ್ರಾರ್ಥನೆ ಎಂದುಕೊಳ್ಳುತ್ತೇವೆ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಹಿರಿಯೂರಿಗೆ ಅದು ಹಬ್ಬ. ಮೇಲ್ಗಡೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನಲ್ಲಿ ತೋಟಗಳು ಮುಳುಗಿದವು. ಒಂದೇ ನೀರು, ಒಂದು ತಾಲ್ಲೂಕಿಗೆ ಬಾಗಿನ, ಇನ್ನೊಂದಕ್ಕೆ ಪರಿಹಾರದ ಅರ್ಜಿ. ಹೀಗಿರುವಾಗ ಪಾಪ ಆ ತಾಯಿಯ ದೀಪವನ್ನೇ ಏಕೆ ಪರೀಕ್ಷೆಗೆ ಒಡ್ಡಬೇಕು? ಆಕ್ಷೇಪದ ಅರ್ಧ ನಿಜ: ಪರರಿಗೆ ಎಂದೂ ತಾಗದ ಬಯಕೆ ಸಿಗುವುದು ಕಷ್ಟ. ಆದರೆ ಎರಡಕ್ಕೂ ವ್ಯತ್ಯಾಸವಿದೆ. ಹಿರಿಯೂರಿನ ರೈತ ಬೇಡಿದ್ದು ನೀರನ್ನು. ಹೊಸದುರ್ಗದ ತೋಟ ಮುಳುಗದೆ ಜಲಾಶಯ ತುಂಬಿದ್ದರೆ ಅವನ ಸಂತೋಷ ಒಂದು ಹನಿಯೂ ಕಡಿಮೆಯಾಗುತ್ತಿರಲಿಲ್ಲ. ಮುಳುಗಡೆ ಅವನ ಬಯಕೆಯ ಪಕ್ಕದಲ್ಲಿ ಬಂದ ನಷ್ಟ, ಅದಕ್ಕೆ ಪರಿಹಾರ ಕೊಡಬಹುದು, ಬೇರೆ ದಾರಿ ಹುಡುಕಬಹುದು. ರ‍್ಯಾಂಕಿನ ಬಯಕೆಯಲ್ಲಿ ಇನ್ನೊಬ್ಬರ ಹಿಂದೆ ಬೀಳುವಿಕೆ ಪಕ್ಕದ ವಿಷಯವಲ್ಲ, ಅದೇ ಅದರ ಹೂರಣ. ಅದನ್ನು ತೆಗೆದರೆ ರ‍್ಯಾಂಕೇ ಉಳಿಯುವುದಿಲ್ಲ.

ಹಾಗಂತ ಸ್ಪರ್ಧೆಗೆ ಕೂರಬಾರದು ಎಂದಲ್ಲ. ಸೀಟು ಕಡಿಮೆ, ಕೇಳುವವರು ಹೆಚ್ಚು ಇರುವಾಗ ಯಾವುದೋ ಒಂದು ಸಾಲು ಬೇಕೇ ಬೇಕು. ಪರೀಕ್ಷೆ ಉಳಿದವುಗಳಿಗಿಂತ ಮೇಲು. ಸಾಲಿನಲ್ಲಿ ನಿಲ್ಲುವುದು ತಪ್ಪಲ್ಲ, ಸಾಲನ್ನು ದೇವರ ಕೈಗೆ ಕೊಟ್ಟು ನನ್ನನ್ನು ಮುಂದೆ ತಳ್ಳು ಎನ್ನುವುದರಲ್ಲಿ ತಪ್ಪಿದೆ. ಬೇಡುವುದಕ್ಕೆ ಬೇಕಾದಷ್ಟು ಉಳಿದೇ ಇದೆ: ಮೂರು ಗಂಟೆ ಹೊತ್ತು ಕೈ ನಡುಗದಿರಲಿ, ಓದಿದ್ದು ನೆನಪಿಗೆ ಬರಲಿ, ಬಾರದ ಪ್ರಶ್ನೆಗೆ ಎದೆ ಒಡೆಯದಿರಲಿ, ಫಲಿತಾಂಶದ ದಿನ ಮನೆಯವರ ಮುಖ ಸಣ್ಣದಾಗದಿರಲಿ. ಇವನ್ನು ಪರೀಕ್ಷೆಯ ಹಾಲಿನಲ್ಲಿ ಕೂತ ಪ್ರತಿಯೊಬ್ಬರಿಗೂ ಕೊಟ್ಟರೂ ದೇವರ ಉಗ್ರಾಣ ಖಾಲಿಯಾಗದು. ಹಾಲುರಾಮೇಶ್ವರದ ಕೊಳದ ಮುಂದೆ ನಿಂತವರು ಇದನ್ನೇ, ಪಕ್ಕದಲ್ಲಿ ನಿಂತ ಅಪರಿಚಿತ ಹುಡುಗಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಬಹುದು. ರ‍್ಯಾಂಕನ್ನು ಹಾಗೆ ಗಟ್ಟಿಯಾಗಿ ಕೇಳಲು ನಾಲಿಗೆ ಏಳುವುದಿಲ್ಲ, ಏಕೆಂದರೆ ಆ ಹುಡುಗಿಯ ಕೈಯಲ್ಲೂ ಒಂದು ಹಾಲ್ ಟಿಕೆಟ್ ಇರುತ್ತದೆ.